ಅರಿವಳಿಕೆಯ ಶಾಲೆ ಕಟ್ಟಿದ ನರ್ಸ್‌ಗಳು

ಈಥರ್ ಬಂದು ನಲವತ್ತು ವರ್ಷ ಕಳೆದರೂ ಅಮೆರಿಕದ ಆಸ್ಪತ್ರೆಗಳಲ್ಲಿ ಅದನ್ನು ಕೊಡುವ ಕೆಲಸ ಯಾರಿಗೂ ಬೇಕಿರಲಿಲ್ಲ. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ರೋಗಿಯೊಬ್ಬನಿಗೆ ಈಥರ್ ಆವಿ ಕೊಟ್ಟಿದ್ದ. ಸರ್ಜನ್ ಜಾನ್ ಕಾಲಿನ್ಸ್ ವಾರನ್ ಕುತ್ತಿಗೆಯ ಗಡ್ಡೆಗೆ ಕತ್ತಿ ಹಾಕಿದರೂ ರೋಗಿ ಚೀರಲಿಲ್ಲ. ಸುದ್ದಿ ಕೆಲವೇ ತಿಂಗಳಲ್ಲಿ ಲಂಡನ್ನಿಗೆ, ಕೊಲ್ಕತ್ತಾಕ್ಕೆ ಮುಟ್ಟಿತು. ಆದರೆ ಆ ಬಾಟಲಿಯನ್ನು ದಿನದಿನವೂ ಹಿಡಿಯಬೇಕಾದವರು ಯಾರು, ಅವರಿಗೆ ಕಲಿಸುವವರು ಯಾರು ಎಂಬುದನ್ನು ಅಮೆರಿಕದಲ್ಲಿ ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಕೈಗೆ ಸಿಕ್ಕವರು ಕೊಟ್ಟರು. ಹೆಚ್ಚಾಗಿ ಸಿಕ್ಕುತ್ತಿದ್ದವನು ಆಸ್ಪತ್ರೆಗೆ ಹೊಸದಾಗಿ ಬಂದ ಕಿರಿಯ ವೈದ್ಯ, ಇಲ್ಲವೇ ಮೆಡಿಕಲ್ ವಿದ್ಯಾರ್ಥಿ.

ಅವನು ಬಂದಿದ್ದು ಸರ್ಜರಿ ಕಲಿಯಲು. ರೋಗಿಯ ತಲೆಯ ಬಳಿ ಕೂತರೂ ಕಣ್ಣು ಸರ್ಜನ್ನನ ಕೈಯ ಮೇಲೇ ಇರುತ್ತಿತ್ತು. ಈ ಕೆಲಸಕ್ಕೆ ಹೆಸರಿಲ್ಲ, ಹೇಳಿಕೊಳ್ಳುವಂಥ ಫೀಸೂ ಇಲ್ಲ. ಒಂದೆರಡು ತಿಂಗಳಲ್ಲಿ ಕೈ ಪಳಗುವ ಹೊತ್ತಿಗೆ ಅವನು ಮುಂದಿನ ಪೋಸ್ಟಿಂಗಿಗೆ ಹೋಗುತ್ತಿದ್ದ, ಅವನ ಜಾಗಕ್ಕೆ ಏನೂ ತಿಳಿಯದ ಇನ್ನೊಬ್ಬ ಬರುತ್ತಿದ್ದ. ಇತ್ತ ಸರ್ಜರಿಯ ಹರವು ದೊಡ್ಡದಾಗುತ್ತಿತ್ತು. 1867ರಲ್ಲಿ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಗಾಯದ ಕೀವು ತಡೆಯುವ ಕ್ರಮವನ್ನು ಪ್ರಕಟಿಸಿದ ಮೇಲೆ ಹೊಟ್ಟೆ ತೆರೆಯುವ ಧೈರ್ಯ ಸರ್ಜನ್ನರಿಗೆ ಬಂದಿತ್ತು. ಕೀವಿನಿಂದ ಉಳಿದ ರೋಗಿ ಈಥರಿನಿಂದ ಸತ್ತರೆ ಏನು ಬಂತು?

ಬ್ರಿಟನ್ನಿನ ದಾರಿ ಬೇರೆಯಾಯಿತು. ಅಲ್ಲಿ 1847ರಲ್ಲಿ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರ್ಮ್ ಬಳಕೆಗೆ ತಂದ. ಅದು ಈಥರಿನ ಹಾಗೆ ಘಾಟು ಬೀರುವುದಿಲ್ಲ, ಬೇಗ ಮತ್ತು ಬರಿಸುತ್ತದೆ. ಆದರೆ ಒಮ್ಮೊಮ್ಮೆ ಎಚ್ಚರಿಕೆಯನ್ನೇ ಕೊಡದೆ ಹೃದಯ ನಿಲ್ಲಿಸುತ್ತದೆ. 1848ರ ಜನವರಿಯಲ್ಲಿ ನ್ಯೂಕ್ಯಾಸಲ್ ಬಳಿ ಹನ್ನಾ ಗ್ರೀನರ್ ಎಂಬ ಹದಿನೈದರ ಹುಡುಗಿ ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಕೂತು ಕ್ಲೋರೋಫಾರ್ಮಿಗೆ ಬಲಿಯಾದಳು. ಇಂಥ ಸಾವುಗಳ ಭಯದಿಂದ ಅಲ್ಲಿ ಆ ಕೆಲಸ ಮೊದಲಿನಿಂದಲೂ ವೈದ್ಯರದೇ ಆಯಿತು. ಜಾನ್ ಸ್ನೋ ಅಂಥವರು ಅದನ್ನೇ ಅಧ್ಯಯನದ ವಿಷಯ ಮಾಡಿಕೊಂಡರು. ಈಥರ್ ನೆಚ್ಚಿಕೊಂಡ ಅಮೆರಿಕ, ಅದು ಸುರಕ್ಷಿತವೆಂದು ನಂಬಿಯೇ ಅಸಡ್ಡೆ ಮಾಡಿತು. ನರ್ಸ್‌ಗಳಿಗೆ ಅಲ್ಲಿ ಬಾಗಿಲು ತೆರೆದದ್ದು ಆ ಅಸಡ್ಡೆಯಿಂದ ಎಂದು ಹಲವು ಇತಿಹಾಸಕಾರರು ವಿವರಿಸುತ್ತಾರೆ. ನನಗೂ ಅದು ಸರಿಯೆನಿಸುತ್ತದೆ.

ಕ್ಲೋರೋಫಾರ್ಮ್ ಕೊಲ್ಲುವುದು ಉಸಿರು ನಿಲ್ಲಿಸಿಯೋ ಹೃದಯ ನಿಲ್ಲಿಸಿಯೋ ಎಂಬ ಜಗಳ ತೀರಿಸಲು ದೊಡ್ಡ ಪ್ರಯೋಗಗಳು ನಡೆದದ್ದು ನಮ್ಮ ದಖ್ಖನ್ನಿನಲ್ಲಿ. ಬೀದರ್, ಕಲಬುರಗಿ, ರಾಯಚೂರುಗಳನ್ನೂ ಒಳಗೊಂಡಿದ್ದ ನಿಜಾಮರ ರಾಜ್ಯದ ರಾಜಧಾನಿಯಲ್ಲಿ, ನಿಜಾಮರ ಹಣದಿಂದ, ಸರ್ಜನ್ ಎಡ್ವರ್ಡ್ ಲಾರಿ 1888 ಮತ್ತು 1889ರಲ್ಲಿ ಎರಡು ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗಗಳನ್ನು ನಡೆಸಿದರು. ಉಸಿರಾಟದ ಮೇಲೆ ಕಣ್ಣಿಟ್ಟರೆ ಸಾಕು, ನಾಡಿಯ ಚಿಂತೆ ಬೇಡ ಎಂದು ಅವರು ತೀರ್ಮಾನಿಸಿದರು. 1911ರಲ್ಲಿ ಗುಡ್‌ಮನ್ ಲೆವಿಯ ಪ್ರಯೋಗಗಳು ಹೃದಯವೂ ಹಠಾತ್ತನೆ ಲಯ ತಪ್ಪಿ ನಿಲ್ಲುತ್ತದೆಂದು ತೋರಿಸಿದಾಗ ಆ ತೀರ್ಮಾನ ಬಿದ್ದುಹೋಯಿತು. ಆದರೂ ಉಸಿರನ್ನು ಬಿಡದೆ ಗಮನಿಸಿ ಎಂಬ ಲಾರಿಯ ಪಟ್ಟು ಪೊಳ್ಳಾಗಿರಲಿಲ್ಲ. ಅವರ ಬಳಿ ಕಲಿತ ಪಾರ್ಸಿ ವೈದ್ಯೆ ರೂಪಾಬಾಯಿ ಫರ್ದೂನ್‌ಜಿಯವರನ್ನು ಪ್ರಪಂಚದ ಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಒಬ್ಬರೆಂದು ಇಂದು ಗುರುತಿಸಲಾಗುತ್ತದೆ. ರೋಗಿಯ ತಲೆಯ ಬಳಿ ಹೆಣ್ಣೊಬ್ಬಳು ಕೂತು ಉಸಿರು ಕಾಯುವ ದೃಶ್ಯ ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ ಎಂಬುದಕ್ಕೆ ಇಷ್ಟು ಹೇಳಿದೆ.

ಅಮೆರಿಕದಲ್ಲಿ ಮೊದಲು ಆ ಜಾಗಕ್ಕೆ ಬಂದವರು ಕ್ಯಾಥೊಲಿಕ್ ಸನ್ಯಾಸಿನಿಯರು. 1877ರಲ್ಲಿ ಪೆನ್ಸಿಲ್ವೇನಿಯಾದ ಈರಿ ಪಟ್ಟಣದ ಸೇಂಟ್ ವಿನ್ಸೆಂಟ್ ಆಸ್ಪತ್ರೆಯಲ್ಲಿ ಸಿಸ್ಟರ್ ಮೇರಿ ಬರ್ನಾರ್ಡ್ ಈ ಕೆಲಸ ವಹಿಸಿಕೊಂಡರು. ದಾಖಲೆಗೆ ಸಿಗುವ ಮೊದಲ ಹೆಸರುಗಳಲ್ಲಿ ಅವರದೂ ಒಂದು. ಮಧ್ಯಪಶ್ಚಿಮದ ಊರುಗಳಲ್ಲಿ ಮಠಗಳು ಆಸ್ಪತ್ರೆ ತೆರೆಯುತ್ತಾ ಹೋದಂತೆ ಅಲ್ಲಿನ ಸಿಸ್ಟರ್‌ಗಳೂ ಕಲಿತರು. ಅವರಿಗೆ ವರ್ಗಾವಣೆಯ ಗಡಿಬಿಡಿಯಿಲ್ಲ, ಸರ್ಜನ್ ಆಗುವ ಆಸೆಯಿಲ್ಲ. ಒಂದೇ ಕೆಲಸವನ್ನು ಹತ್ತಾರು ವರ್ಷ ಮಾಡಿದರು.

ಮಿನ್ನೆಸೋಟದ ರಾಚೆಸ್ಟರ್ ಎಂಬ ಸಣ್ಣ ಊರು ಈ ಕಥೆಯ ದಿಕ್ಕು ಬದಲಿಸಿತು. 1883ರ ಸುಂಟರಗಾಳಿ ಆ ಊರನ್ನು ಪುಡಿಮಾಡಿದ ಮೇಲೆ ಫ್ರಾನ್ಸಿಸ್ಕನ್ ಸಿಸ್ಟರ್‌ಗಳ ಮುಖ್ಯಸ್ಥೆ ಮದರ್ ಆಲ್ಫ್ರೆಡ್ ಮೋಸ್ ಅಲ್ಲೊಂದು ಆಸ್ಪತ್ರೆ ಕಟ್ಟಿಸಲು ಹಟ ಹಿಡಿದರು. 1889ರಲ್ಲಿ ಸೇಂಟ್ ಮೇರೀಸ್ ಆಸ್ಪತ್ರೆ ತೆರೆಯಿತು. ಅದರ ವೈದ್ಯರು ವಿಲಿಯಂ ವೊರಾಲ್ ಮೇಯೊ ಮತ್ತು ಅವರ ಇಬ್ಬರು ಮಕ್ಕಳು. ಈಥರ್ ಕೊಡಲು ಅಲ್ಲಿ ಕಿರಿಯ ವೈದ್ಯರೇ ಇರಲಿಲ್ಲ. ಹಿರಿಯ ಮೇಯೊ ನರ್ಸ್ ಈಡಿತ್ ಗ್ರಹಾಂಗೆ ತಾವೇ ಕಲಿಸಿದರು. 1893ರಲ್ಲಿ ಈಡಿತ್ ಕಿರಿಯ ಮಗ ಚಾರ್ಲ್ಸ್ ಮೇಯೊರನ್ನು ಮದುವೆಯಾದಾಗ ಆ ಜಾಗಕ್ಕೆ ಬಂದವರು ಶಿಕಾಗೊದಲ್ಲಿ ನರ್ಸಿಂಗ್ ಓದಿದ್ದ ಆಲಿಸ್ ಮಗಾ. ಗತಿಯಿಲ್ಲದೆ ಮಾಡಿಕೊಂಡ ಏರ್ಪಾಡು ಕೆಲವೇ ವರ್ಷಗಳಲ್ಲಿ ಮೇಯೊ ಸೋದರರ ಆಯ್ಕೆಯೇ ಆಯಿತು. ಆಸ್ಪತ್ರೆಗೆ ಕಿರಿಯ ವೈದ್ಯರು ಬಂದ ಮೇಲೂ ಅವರು ಈಥರ್ ಬಾಟಲಿಯನ್ನು ನರ್ಸ್ ಕೈಯಿಂದ ಕಸಿದುಕೊಳ್ಳಲಿಲ್ಲ.

ಮಗಾ ಮಾಡುತ್ತಿದ್ದುದು ಏನು? ಆ ಕಾಲದಲ್ಲಿ ಎಷ್ಟೋ ಕಡೆ ಈಥರ್ ಸುರಿದ ಶಂಕುವನ್ನು ಮೂಗುಬಾಯಿಗೆ ಒತ್ತಿ ಹಿಡಿಯುತ್ತಿದ್ದರು. ರೋಗಿ ಉಸಿರು ಕಟ್ಟಿ ಒದ್ದಾಡುತ್ತಿದ್ದ; ಅವನನ್ನು ಹಿಡಿದುಕೊಳ್ಳಲು ನಾಲ್ಕು ಜನ ಬೇಕಾಗುತ್ತಿತ್ತು. ಮಗಾ ತಂತಿಯ ಚೌಕಟ್ಟಿಗೆ ತೆಳುಬಟ್ಟೆ ಬಿಗಿದ ಮಾಸ್ಕನ್ನು ಮುಖದ ಮೇಲೆ ಹಗುರವಾಗಿ ಇಟ್ಟು, ಗಾಳಿ ಆಡಲು ಬಿಟ್ಟು, ಈಥರನ್ನು ಹನಿಹನಿಯಾಗಿ ಬೀಳಿಸುತ್ತಿದ್ದರು. ಮೊದಲು ಬಿಡಿಬಿಡಿ ಹನಿ, ರೋಗಿ ಒಗ್ಗಿಕೊಂಡಂತೆ ಸ್ವಲ್ಪ ಬೇಗ. ಜೊತೆಗೆ ಮಾತು ನಿಲ್ಲುತ್ತಿರಲಿಲ್ಲ. ಮಗುವನ್ನು ಮಲಗಿಸುವ ತಾಯಿಯ ಹಾಗೆ ತಗ್ಗಿದ ದನಿಯಲ್ಲಿ ಈಗ ಹೀಗಾಗುತ್ತದೆ, ಆಮೇಲೆ ಹೀಗಾಗುತ್ತದೆ, ಉಸಿರು ಹೀಗೆ ಎಳೆದುಕೊಳ್ಳಿ ಎಂದು ಹೇಳುತ್ತಾ ಹೋಗುತ್ತಿದ್ದರು. ಅಂಜಿಕೆ ಕಳೆದ ರೋಗಿಗೆ ಕಡಿಮೆ ಈಥರ್ ಸಾಕೆಂದು ಅವರು ಕಂಡುಕೊಂಡಿದ್ದರು. ಮತ್ತೇರಿದ ಮೇಲೆ ದವಡೆಯನ್ನು ಮುಂದಕ್ಕೆತ್ತಿ ಹಿಡಿದು ನಾಲಗೆ ಹಿಂದೆ ಬೀಳದಂತೆ ನೋಡಿಕೊಳ್ಳಬೇಕು. ಉಸಿರಿನ ಸದ್ದು, ತುಟಿಯ ಬಣ್ಣ, ಕಣ್ಣಿನ ಪಾಪೆ ಇವೇ ಅವರಿಗೆ ಮಾನಿಟರ್. ಸರ್ಜನ್ ಮೊದಲ ಗೀರು ಹಾಕುವುದರಿಂದ ಹೊಲಿಗೆ ಮುಗಿಸುವ ತನಕ ಅವರು ಆಪರೇಷನ್ನಿನ ಕಡೆ ನೋಡುತ್ತಲೇ ಇರಲಿಲ್ಲ. ಕಿರಿಯ ವೈದ್ಯನಿಗೂ ಅವರಿಗೂ ಇದ್ದ ಅಂತರವೆಲ್ಲ ಅಷ್ಟೇ.

ಮಗಾ ಇನ್ನೊಂದು ದೊಡ್ಡ ಕೆಲಸ ಮಾಡಿದರು: ಬರೆದಿಟ್ಟರು. 1899ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಪ್ರಕರಣಗಳ ಅನುಭವವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1906ರ ಲೇಖನದಲ್ಲಿ ಲೆಕ್ಕ ಹದಿನಾಲ್ಕು ಸಾವಿರ ದಾಟಿತ್ತು. ಅರಿವಳಿಕೆಯಿಂದಲೇ ಆಯಿತು ಎನ್ನಬಹುದಾದ ಸಾವು ಒಂದೂ ಇರಲಿಲ್ಲ. ವೈದ್ಯರ ಪತ್ರಿಕೆಯಲ್ಲಿ ನರ್ಸ್ ಒಬ್ಬಳು ತನ್ನ ಹೆಸರಲ್ಲಿ ಬರೆಯುವುದೇ ಅಪರೂಪವಾಗಿದ್ದ ಕಾಲ ಅದು. ಮೇಯೊ ಸೋದರರ ಸರ್ಜರಿ ನೋಡಲು ಬಂದ ದೇಶವಿದೇಶದ ಸರ್ಜನ್ನರು ಮಗಾರ ಕೆಲಸವನ್ನೂ ನೋಡಿ, ಊರಿಗೆ ಹಿಂದಿರುಗಿ ತಮ್ಮ ಆಸ್ಪತ್ರೆಯ ಒಬ್ಬ ಒಳ್ಳೆಯ ನರ್ಸನ್ನು ರಾಚೆಸ್ಟರಿಗೆ ಕಳಿಸತೊಡಗಿದರು. ಬಂದವರು ವಾರಗಟ್ಟಲೆ ಪಕ್ಕದಲ್ಲಿ ನಿಂತು ಕಲಿತು ಹೋಗುತ್ತಿದ್ದರು. ಪಠ್ಯವಿಲ್ಲ, ಪರೀಕ್ಷೆಯಿಲ್ಲ, ಸರ್ಟಿಫಿಕೇಟಿಲ್ಲ. 1908ರಲ್ಲಿ ಮದುವೆಯಾಗಿ ಮಗಾ ಕೆಲಸ ಬಿಟ್ಟರು.

ಪಕ್ಕದಲ್ಲಿ ನಿಂತು ಕಲಿಯುವ ಕ್ರಮವನ್ನು ಶಾಲೆಯಾಗಿ ಮಾಡುವ ಪ್ರಯತ್ನ ಮರುವರ್ಷವೇ ಶುರುವಾಯಿತು. 1909ರಲ್ಲಿ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನ ಸೇಂಟ್ ವಿನ್ಸೆಂಟ್ ಆಸ್ಪತ್ರೆಯಲ್ಲಿ ಆಗ್ನೆಸ್ ಮೆಗೀ ನರ್ಸಿಂಗ್ ಮುಗಿಸಿದವರಿಗಾಗಿ ಸುಮಾರು ಆರು ತಿಂಗಳ ಕೋರ್ಸು ಆರಂಭಿಸಿದರು. 1912ರಲ್ಲಿ ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡಿನ ಸಿಸ್ಟರ್‌ಗಳೂ ಒಂದನ್ನು ತೆರೆದರು. ಆದರೆ ದೇಶವೆಲ್ಲ ಮಾತಾಡುವಂತೆ ಮಾಡಿದ ಶಾಲೆ ಕ್ಲೀವ್‌ಲ್ಯಾಂಡಿನದು.

ಕ್ಲೀವ್‌ಲ್ಯಾಂಡಿನ ಲೇಕ್‌ಸೈಡ್ ಆಸ್ಪತ್ರೆಯ ಸರ್ಜನ್ ಜಾರ್ಜ್ ಕ್ರೈಲ್, ಆಘಾತದಿಂದ ರಕ್ತದೊತ್ತಡ ಕುಸಿದು ರೋಗಿ ಸಾಯುವುದೇಕೆ ಎಂಬ ಒಂದೇ ಪ್ರಶ್ನೆಯನ್ನು ಜೀವನವಿಡೀ ಬೆನ್ನಟ್ಟಿದವರು. ಅರಿವಳಿಕೆ ಸರಿಯಿಲ್ಲದಿದ್ದರೆ ಆಘಾತ ತಡೆಯಲಾಗದು ಎಂಬುದು ಅವರ ನಂಬಿಕೆ. 1908ರಲ್ಲಿ ಅವರು ಆಗಾಥಾ ಹಾಜಿನ್ಸ್ ಎಂಬ ನರ್ಸನ್ನು ತಮ್ಮ ಅರಿವಳಿಕೆ ಸಹಾಯಕಿಯಾಗಿ ಆರಿಸಿಕೊಂಡರು. ಕೆನಡಾದ ಟೊರಾಂಟೊದಲ್ಲಿ ಹುಟ್ಟಿ, ಬಾಸ್ಟನ್ ಸಿಟಿ ಆಸ್ಪತ್ರೆಯಲ್ಲಿ ಕಲಿತು ಬಂದಿದ್ದ ಹಾಜಿನ್ಸ್ ಮೊದಲು ಪ್ರಯೋಗಾಲಯದ ಪ್ರಾಣಿಗಳ ಮೇಲೆ, ಆಮೇಲೆ ರೋಗಿಗಳಿಗೆ ನೈಟ್ರಸ್ ಆಕ್ಸೈಡ್ ಮತ್ತು ಆಮ್ಲಜನಕದ ಮಿಶ್ರಣ ಕೊಡುವುದನ್ನು ಸಾಧಿಸಿದರು. ಅದು ಈಥರಿಗಿಂತ ಹಗುರವಾದದ್ದು, ಆದರೆ ಕೊಡುವವರಿಗೆ ಹೆಚ್ಚು ಕಷ್ಟದ್ದು. ಎರಡು ಅನಿಲಗಳ ಪ್ರಮಾಣ ಸ್ವಲ್ಪ ತಪ್ಪಿದರೂ ರೋಗಿ ನೀಲಿಗಟ್ಟುತ್ತಾನೆ.

ಯುರೋಪಿನಲ್ಲಿ ಯುದ್ಧ ಶುರುವಾಗಿತ್ತು. 1914ರ ಕೊನೆಗೆ ಕ್ರೈಲ್ ತಮ್ಮ ತಂಡ ಕಟ್ಟಿಕೊಂಡು ಪ್ಯಾರಿಸ್ ಹೊರವಲಯದ ನ್ಯೂಯಿಯಲ್ಲಿದ್ದ ಅಮೆರಿಕನ್ ಆಂಬ್ಯುಲೆನ್ಸ್ ಆಸ್ಪತ್ರೆಗೆ ಹೊರಟರು. ತಂಡದಲ್ಲಿ ಹಾಜಿನ್ಸ್ ಮತ್ತು ಮೇಬಲ್ ಲಿಟಲ್‌ಟನ್ ಎಂಬ ಇಬ್ಬರು ಅರಿವಳಿಕೆ ನರ್ಸ್‌ಗಳಿದ್ದರು. ರಕ್ತ ಸೋರಿ, ಕೆಸರಲ್ಲಿ ತಾಸುಗಟ್ಟಲೆ ಬಿದ್ದು ಬಂದ ಸೈನಿಕರಿಗೆ ಅನಿಲದ ಅರಿವಳಿಕೆ ಎಷ್ಟು ಉಪಕಾರಿ ಎಂಬುದು ಅಲ್ಲಿ ಎಲ್ಲರ ಕಣ್ಣಿಗೆ ಬಿತ್ತು. ಕ್ರೈಲ್ ಹಿಂದಿರುಗಿದ ಮೇಲೂ ಹಾಜಿನ್ಸ್ ಅಲ್ಲಿ ಉಳಿದು ಇತರರಿಗೆ ಕಲಿಸಿದರು. 1915ರಲ್ಲಿ ಕ್ಲೀವ್‌ಲ್ಯಾಂಡಿಗೆ ಬಂದವರೇ ಲೇಕ್‌ಸೈಡ್ ಅರಿವಳಿಕೆ ಶಾಲೆಯನ್ನು ವಿಧಿವತ್ತಾಗಿ ತೆರೆದರು.

ಆರು ತಿಂಗಳ ಕೋರ್ಸು, 50 ಡಾಲರ್ ಫೀಸು. ಬರುವ ನರ್ಸ್ ತರಬೇತಿ ಮುಗಿಸಿದವಳೇ ಆಗಿರಬೇಕು. ಪಾಠ, ಪ್ರಾತ್ಯಕ್ಷಿಕೆ, ಆಮೇಲೆ ಥಿಯೇಟರಿನಲ್ಲಿ ಮೇಲ್ವಿಚಾರಣೆಯ ಕೆಲಸ. ಮೊದಲ ವರ್ಷ ಉತ್ತೀರ್ಣರಾದವರು ಹನ್ನೊಂದು ನರ್ಸ್‌ಗಳು, ಆರು ವೈದ್ಯರು, ಇಬ್ಬರು ದಂತವೈದ್ಯರು. ನರ್ಸ್ ಒಬ್ಬಳು ನಡೆಸುವ ಶಾಲೆಯಲ್ಲಿ ವೈದ್ಯರು ವಿದ್ಯಾರ್ಥಿಗಳಾಗಿ ಕೂತಿದ್ದರು. ಈ ಒಂದು ಸಂಗತಿಯ ಮುಂದೆ ನಾನು ಪ್ರತಿ ಸಲವೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಹಾಜಿನ್ಸ್ ಬರೀ ಒಳ್ಳೆಯ ಕೈಗುಣದ ನರ್ಸ್ ಆಗಿದ್ದರೆ ಇದು ಆಗುತ್ತಿರಲಿಲ್ಲ. ತಾನು ಬಲ್ಲದ್ದನ್ನು ಪಾಠವಾಗಿ ಕ್ರಮಗೊಳಿಸಿದ್ದರಿಂದ ಆಯಿತು.

ತಕರಾರು ಮೊದಲೇ ಹೊಗೆಯಾಡುತ್ತಿತ್ತು. ಅರಿವಳಿಕೆಯನ್ನೇ ವೃತ್ತಿ ಮಾಡಿಕೊಳ್ಳಬಯಸಿದ ವೈದ್ಯರ ಒಂದು ಸಣ್ಣ ವರ್ಗ ಹುಟ್ಟಿಕೊಂಡಿತ್ತು. 1911ರಲ್ಲಿ ನ್ಯೂಯಾರ್ಕ್ ರಾಜ್ಯ ವೈದ್ಯ ಸಂಘದ ವಕೀಲರು, 1912ರಲ್ಲಿ ಒಹಾಯೊ ವೈದ್ಯ ಮಂಡಳಿ, ನರ್ಸ್‌ಗಳು ಅರಿವಳಿಕೆ ಕೊಡುವಂತಿಲ್ಲ ಎಂದಿದ್ದರು. ಲೇಕ್‌ಸೈಡಿನಲ್ಲಿ ಶಾಲೆಯೇ ಎದ್ದಾಗ ಬೆಂಕಿ ಹೊತ್ತಿತು. 1916ರಲ್ಲಿ ಫ್ರಾನ್ಸಿಸ್ ಮೆಕ್‌ಮೆಕಾನ್ ಮುಂದಾಳತ್ವದ ಅರಿವಳಿಕೆ ವೈದ್ಯರ ಸಂಘ ಒಹಾಯೊ ಮಂಡಳಿಗೆ ದೂರು ಕೊಟ್ಟಿತು. ಮಂಡಳಿ, ಶಾಲೆ ನಿಲ್ಲಿಸದಿದ್ದರೆ ಲೇಕ್‌ಸೈಡಿನ ನರ್ಸಿಂಗ್ ಶಾಲೆಯ ಮಾನ್ಯತೆಯನ್ನೇ ತೆಗೆಯುವುದಾಗಿ ಹೆದರಿಸಿತು. ಕ್ರೈಲ್ ಶಾಲೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ ವಿಚಾರಣೆ ಕೇಳಿದರು. 1917ರಲ್ಲಿ ಮಂಡಳಿಯ ಮುಂದೆ ತಮ್ಮ ಆಸ್ಪತ್ರೆಯ ಅನುಭವ ಬಿಚ್ಚಿಟ್ಟರು. ಆದೇಶ ಹಿಂದಕ್ಕೆ ಹೋಯಿತು. 1919ರಲ್ಲಿ ಒಹಾಯೊದ ಕಾನೂನನ್ನೇ ತಿದ್ದಿ, ವೈದ್ಯರ ಮೇಲ್ವಿಚಾರಣೆಯಲ್ಲಿ ನರ್ಸ್ ಅರಿವಳಿಕೆ ಕೊಡಬಹುದು ಎಂದು ಸೇರಿಸಿದರು.

ಅದೇ 1917ರಲ್ಲಿ ಕೆಂಟಕಿಯಲ್ಲಿ ಮೊಕದ್ದಮೆ ನಡೆಯಿತು. ಲೂಯಿವಿಲ್ ಸರ್ಜನ್ ಲೂಯಿಸ್ ಫ್ರಾಂಕ್ ಮತ್ತು ಅವರ ಅರಿವಳಿಕೆ ನರ್ಸ್ ಮಾರ್ಗರೆಟ್ ಹ್ಯಾಟ್‌ಫೀಲ್ಡ್ ರಾಜ್ಯ ಆರೋಗ್ಯ ಮಂಡಳಿಯ ವಿರುದ್ಧ ನಿಂತರು. ಕೆಳಗಿನ ಕೋರ್ಟಿನಲ್ಲಿ ಸೋತು ಮೇಲ್ಮನವಿಯಲ್ಲಿ ಗೆದ್ದರು. ಸರ್ಜನ್ನನ ಸೂಚನೆಯಡಿ ಅರಿವಳಿಕೆ ಕೊಡುವ ನರ್ಸ್ ವೈದ್ಯವೃತ್ತಿ ನಡೆಸಿದಂತಾಗದು ಎಂದು ನ್ಯಾಯಾಲಯ ಹೇಳಿತು. ಇಂಥ ಕಾನೂನುಗಳಿರುವುದು ಜನರ ಹಿತಕ್ಕೆ, ಯಾವುದೋ ವೃತ್ತಿಯವರ ಲಾಭಕ್ಕಲ್ಲ ಎಂಬ ಮಾತೂ ಆ ತೀರ್ಪಿನಲ್ಲಿತ್ತು.

ತೀರ್ಪುಗಳಿಗಿಂತ ದೊಡ್ಡ ಸಾಕ್ಷಿಯನ್ನು ಯುದ್ಧ ಒದಗಿಸಿತು. 1917ರ ಏಪ್ರಿಲಿನಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಯುರೋಪಿನ ನೆಲ ಮುಟ್ಟಿದ ಮೊದಲ ಅಮೆರಿಕನ್ ಸೇನಾ ಘಟಕ ಯಾವುದೋ ಪದಾತಿ ದಳವಲ್ಲ, ಕ್ರೈಲ್ ತಂಡದ ಬೇಸ್ ಹಾಸ್ಪಿಟಲ್ ನಂ. 4. ಮೇ ತಿಂಗಳಲ್ಲಿ ಫ್ರಾನ್ಸಿನ ರುವಾನ್ ತಲುಪಿ ಬ್ರಿಟಿಷರ ಆಸ್ಪತ್ರೆಯೊಂದನ್ನು ವಹಿಸಿಕೊಂಡಿತು. ಅರಿವಳಿಕೆ ಕೊಡುವ ನರ್ಸ್‌ಗಳನ್ನು ಬ್ರಿಟಿಷ್ ವೈದ್ಯರು ಮೊದಲ ಬಾರಿಗೆ ಹತ್ತಿರದಿಂದ ಕಂಡರು. ವೈದ್ಯರ ಕೊರತೆಯಿಂದ ಕಂಗೆಟ್ಟಿದ್ದ ಅವರು 1918ರಲ್ಲಿ ತಮ್ಮ ಸಿಸ್ಟರ್‌ಗಳಿಗೂ ಅಲ್ಲೇ ತರಬೇತಿ ಕೊಡಿಸಿದರು. ಮುಂಚೂಣಿಯ ಹಿಂದಿನ ಡೇರೆ ಆಸ್ಪತ್ರೆಗಳಲ್ಲಿ ಆ ಬ್ರಿಟಿಷ್ ಸಿಸ್ಟರ್‌ಗಳು ಆ ವರ್ಷದ ಘೋರ ಕದನಗಳ ಗಾಯಾಳುಗಳಿಗೆ ಅರಿವಳಿಕೆ ಕೊಟ್ಟರು. ಯುದ್ಧ ಮುಗಿಯಿತು. ಬ್ರಿಟನ್ನಿನಲ್ಲಿ ಆ ಕೆಲಸ ಮತ್ತೆ ವೈದ್ಯರದಾಯಿತು, ಸಿಸ್ಟರ್‌ಗಳು ವಾರ್ಡಿಗೆ ಮರಳಿದರು. ಅವರ ಕೈಗೆ ಪಳಗಿದ್ದ ವಿದ್ಯೆ ಅವರೊಂದಿಗೇ ಮುಗಿಯಿತು.

ಒಂದೇ ರಣರಂಗ, ಒಂದೇ ಕೆಲಸ. ಅಮೆರಿಕದ ನರ್ಸ್‌ಗಳು ಉಳಿದರು, ಬ್ರಿಟಿಷರು ಮರೆಯಾದರು. ಬ್ರಿಟನ್ನಿನಲ್ಲಿ ವೈದ್ಯರ ಪರಂಪರೆ ಗಟ್ಟಿಯಾಗಿತ್ತು ಎಂಬ ಕಾರಣವನ್ನು ಕೊಡುತ್ತಾರೆ. ಅದು ನಿಜವೂ ಹೌದು. ಆದರೆ ಇನ್ನೊಂದನ್ನು ಬಿಡಲಾಗದು. ಅಮೆರಿಕದ ನರ್ಸ್ ಮರಳಿ ಬಂದಾಗ ಅವಳಿಗೊಂದು ಶಾಲೆಯಿತ್ತು, ಸರ್ಟಿಫಿಕೇಟಿತ್ತು, ಮಗಾ ಬರೆದಿಟ್ಟ ಹದಿನಾಲ್ಕು ಸಾವಿರ ಪ್ರಕರಣಗಳ ಲೆಕ್ಕವಿತ್ತು. ಬ್ರಿಟಿಷ್ ಸಿಸ್ಟರಿಗೆ ಇದ್ದದ್ದು ಯುದ್ಧಕಾಲದ ಒಂದು ಆದೇಶ ಮಾತ್ರ.

ಇಪ್ಪತ್ತರ ದಶಕದಲ್ಲಿ ಶಾಲೆಗಳು ಹೆಚ್ಚಿದವು, ಗುಣಮಟ್ಟ ಒಂದೇ ಸಮ ಇರಲಿಲ್ಲ. ಕೆಲವೆಡೆ ಆರು ತಿಂಗಳು, ಕೆಲವೆಡೆ ಕೆಲವೇ ವಾರ. ವಿರೋಧಿಗಳ ಬಾಯಿಗೆ ಇದೇ ಸಿಕ್ಕಿತು. 1931ರ ಜೂನಿನಲ್ಲಿ ಹಾಜಿನ್ಸ್ ಹಳೆಯ ವಿದ್ಯಾರ್ಥಿನಿಯರನ್ನೂ ಬೇರೆ ರಾಜ್ಯಗಳವರನ್ನೂ ಕ್ಲೀವ್‌ಲ್ಯಾಂಡಿಗೆ ಕರೆಸಿ ಅರಿವಳಿಕೆ ನರ್ಸ್‌ಗಳ ರಾಷ್ಟ್ರೀಯ ಸಂಘ ಸ್ಥಾಪಿಸಿದರು. ಅಮೆರಿಕನ್ ನರ್ಸ್‌ಗಳ ದೊಡ್ಡ ಸಂಘದೊಂದಿಗೆ ಸೇರುವ ಮಾತುಕತೆ ಮುರಿದುಬಿತ್ತು. ಅವರ ಒಂದು ವಿಭಾಗವಾಗಿ ಇರಲು ಹಾಜಿನ್ಸ್ ಒಪ್ಪಲಿಲ್ಲ, ದೊಡ್ಡ ಸಂಘದವರು ಬೇರೆ ರೀತಿಗೆ ಸಿದ್ಧರಿರಲಿಲ್ಲ. ಹಾಜಿನ್ಸ್ ಆರೋಗ್ಯ ಕೆಟ್ಟು ಹಿಂದೆ ಸರಿದಾಗ ಗರ್ಟ್ರೂಡ್ ಫೈಫ್ ಸಂಘವನ್ನು ಮುಂದಕ್ಕೆ ಎಳೆದರು. ಈ ಸಂಘದ ಇತಿಹಾಸದಲ್ಲಿ ಕಪ್ಪು ಚುಕ್ಕೆಯೂ ಇದೆ. 1944ರ ತನಕ ಅದು ಕಪ್ಪು ನರ್ಸ್‌ಗಳನ್ನು ಸದಸ್ಯರಾಗಿ ಸೇರಿಸಿಕೊಳ್ಳಲಿಲ್ಲ.

ಆರ್ಥಿಕ ಕುಸಿತದ ವರ್ಷಗಳಲ್ಲಿ ಜಗಳ ಮತ್ತೆ ಕೋರ್ಟಿಗೆ ಹೋಯಿತು. ವೈದ್ಯರ ಆದಾಯ ಇಳಿದಿತ್ತು. ಆಸ್ಪತ್ರೆಗಳು ರೋಗಿಯಿಂದ ಅರಿವಳಿಕೆಯ ಫೀಸು ವಸೂಲಿ ಮಾಡಿ ನರ್ಸಿಗೆ ತಿಂಗಳ ಸಂಬಳ ಕೊಡುವುದು ಅವರ ಕಣ್ಣಿಗೆ ಕುಕ್ಕುತ್ತಿತ್ತು. 1934ರಲ್ಲಿ ಲಾಸ್ ಏಂಜಲೀಸಿನ ಅರಿವಳಿಕೆ ವೈದ್ಯ ವಿಲಿಯಂ ಚಾಮರ್ಸ್-ಫ್ರಾನ್ಸಿಸ್ ಮತ್ತಿತರರು, ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯ ನರ್ಸ್ ಡಾಗ್ಮಾರ್ ನೆಲ್ಸನ್ ಲೈಸೆನ್ಸ್ ಇಲ್ಲದೆ ವೈದ್ಯವೃತ್ತಿ ಮಾಡುತ್ತಿದ್ದಾಳೆಂದು ದಾವೆ ಹೂಡಿದರು. ನೆಲ್ಸನ್ ಮೇಯೊದಲ್ಲಿ ಪಳಗಿ ಬಂದವರು. ಕಣ್ಣಿನ ಪಾಪೆ ನೋಡಿ, ನಾಡಿ ಹಿಡಿದು, ಇಷ್ಟು ಹನಿ ಸಾಕು ಎಂದು ನಿರ್ಧರಿಸುವುದು ರೋಗನಿರ್ಣಯವಲ್ಲದೆ ಮತ್ತೇನು ಎಂಬುದು ವೈದ್ಯರ ವಾದ. ವಾದದಲ್ಲಿ ಹುರುಳಿರಲಿಲ್ಲ ಎನ್ನಲಾರೆ. ನೆಲ್ಸನ್ ತಲೆ ಓಡಿಸದೆ ಬರೀ ಕೈಯಿಂದ ಆ ಕೆಲಸ ಮಾಡುತ್ತಿರಲಿಲ್ಲವಷ್ಟೆ. 1936ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ನೆಲ್ಸನ್ ಪರ ತೀರ್ಪು ಕೊಟ್ಟಿತು. ಸರ್ಜನ್ನನ ನೇರ ಮೇಲ್ವಿಚಾರಣೆಯಲ್ಲಿ ನಡೆಯುವ ಈ ಕೆಲಸ ವೈದ್ಯವೃತ್ತಿಯ ವ್ಯಾಪ್ತಿಗೆ ಬಾರದು ಎಂದಿತು. ನರ್ಸ್‌ಗಳು ಉಳಿದುಕೊಂಡರು. ಆದರೆ ಆ ಗೆಲುವು ಅವರನ್ನು ಮೇಲ್ವಿಚಾರಣೆ ಎಂಬ ಪದಕ್ಕೆ ಕಟ್ಟಿಹಾಕಿತು. ಆ ಕಟ್ಟು ಇಂದಿಗೂ ಪೂರ್ತಿ ಬಿಚ್ಚಿಲ್ಲ.

ಮುಂದಿನದು ಮೆಟ್ಟಿಲು ಮೆಟ್ಟಿಲಾಗಿ ಏರಿದ ಕಥೆ. 1945ರಲ್ಲಿ ಮೊದಲ ರಾಷ್ಟ್ರೀಯ ಪರೀಕ್ಷೆ ನಡೆಯಿತು. ಹಾಜಿನ್ಸ್ ಅದೇ ವರ್ಷ ತೀರಿಕೊಂಡರು. 1947ರಲ್ಲಿ ಗಂಡಸರಿಗೂ ಸಂಘ ಬಾಗಿಲು ತೆರೆಯಿತು. 1952ರಿಂದ ಶಾಲೆಗಳ ತಪಾಸಣೆ, ಮಾನ್ಯತೆ. 1986ರ ಕಾನೂನಿನಿಂದ, ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್‌ನ ಹಣ ನೇರವಾಗಿ ನರ್ಸಿಗೇ ಸಲ್ಲುವ ಹಾದಿ ತೆರೆಯಿತು. 1998ರ ಹೊತ್ತಿಗೆ ಎಲ್ಲ ಕೋರ್ಸುಗಳೂ ಸ್ನಾತಕೋತ್ತರ ಪದವಿಯ ಮಟ್ಟಕ್ಕೆ ಏರಬೇಕಾಯಿತು. 2022ರಿಂದ ಸೇರುವವರು ಡಾಕ್ಟರೇಟ್ ಮಟ್ಟದ ಕೋರ್ಸನ್ನೇ ಓದಬೇಕು. ಆರು ತಿಂಗಳು, 50 ಡಾಲರಿನಿಂದ ಹೊರಟ ಓದು ಇಲ್ಲಿಗೆ ಬಂದಿದೆ. ಇಂದು ಅಲ್ಲಿ ಅರಿವಳಿಕೆ ನರ್ಸ್‌ಗಳು ಐವತ್ತು ಸಾವಿರಕ್ಕೂ ಹೆಚ್ಚು.

ನರ್ಸ್ ಒಬ್ಬಳೇ ಅರಿವಳಿಕೆ ಕೊಟ್ಟರೆ ಅಪಾಯವೇ ಎಂಬ ವಿದ್ವಾಂಸರ ಜಗಳ ಮುಗಿದಿಲ್ಲ. 2000ದಲ್ಲಿ ಜೆಫ್ರಿ ಸಿಲ್ಬರ್ ತಂಡ ಪೆನ್ಸಿಲ್ವೇನಿಯಾದ ವೃದ್ಧ ರೋಗಿಗಳ ದಾಖಲೆ ನೋಡಿ, ಅರಿವಳಿಕೆ ವೈದ್ಯರ ನಿರ್ದೇಶನ ಇಲ್ಲದಿದ್ದಾಗ ಸಾವಿರಕ್ಕೆ 2.5ರಷ್ಟು ಹೆಚ್ಚು ಸಾವು ಕಂಡಿತು ಎಂದಿತು. 2003ರಲ್ಲಿ ಮೈಕೆಲ್ ಪೈನ್ ತಂಡ ಅಂಥ ವ್ಯತ್ಯಾಸ ಕಾಣಲಿಲ್ಲ. 2001ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಮೇಲ್ವಿಚಾರಣೆಯ ನಿಯಮದಿಂದ ಹೊರಗುಳಿಯುವ ಅವಕಾಶವನ್ನು ರಾಜ್ಯಗಳಿಗೆ ಕೊಟ್ಟಿತ್ತು. ಹಾಗೆ ಹೊರಗುಳಿದ ರಾಜ್ಯಗಳಲ್ಲಿ ಹಾನಿ ಹೆಚ್ಚಿದ ಕುರುಹಿಲ್ಲ ಎಂದು 2010ರ ಅಧ್ಯಯನ ಹೇಳಿತು. 2014ರಲ್ಲಿ ಇವೆಲ್ಲವನ್ನೂ ತೂಗಿ ನೋಡಿದ ಕೊಕ್ರೇನ್ ವಿಮರ್ಶೆ, ಖಚಿತ ತೀರ್ಮಾನಕ್ಕೆ ಸಾಕಷ್ಟು ಆಧಾರವಿಲ್ಲ ಎಂದು ಬಿಟ್ಟಿತು. ಇತಿಹಾಸಕಾರರಲ್ಲಿ ಇನ್ನೊಂದು ಭಿನ್ನಮತ: ಹೆಣ್ಣುಮಕ್ಕಳಿಗೆ ಇದು ಸಿಕ್ಕ ಅವಕಾಶವೋ, ಆಸ್ಪತ್ರೆಗಳು ಅಗ್ಗದ ದುಡಿಮೆಯಿಂದ ಮಾಡಿಕೊಂಡ ಲಾಭವೋ? ಎರಡೂ ಹೌದೆಂದೇ ನನ್ನ ಅಭಿಪ್ರಾಯ. ಅಗ್ಗವೆಂದು ಕರೆತಂದರು, ಬಂದವರು ತಮ್ಮನ್ನು ಅಗ್ಗವಾಗಿ ಉಳಿಸಿಕೊಳ್ಳಲಿಲ್ಲ.

ಅದೇ ಥಿಯೇಟರಿನಲ್ಲಿ ಮೇಜಿನ ಇನ್ನೊಂದು ಬದಿಗೆ ನಿಲ್ಲುವ ನರ್ಸ್ ಇದ್ದಾಳೆ: ಉಪಕರಣ ಕೊಡುವವಳು, ಹತ್ತಿಬಟ್ಟೆ ಎಣಿಸುವವಳು, ಸ್ಟೆರೈಲ್ ಗಡಿ ಕಾಯುವವಳು. ಅಮೆರಿಕದಲ್ಲಿ ಅವಳಿಗೆ ಇಂಥ ಗಟ್ಟಿ ಶಾಲೆ ಆಗಲೇ ಸಿಗಲಿಲ್ಲ. ಎರಡನೇ ಮಹಾಯುದ್ಧದಲ್ಲಿ ನರ್ಸ್‌ಗಳ ಕೊರತೆಯಾಗಿ ಟೆಕ್ನಿಷಿಯನ್ನರು ಆ ಜಾಗಕ್ಕೆ ಬಂದರು. ನರ್ಸಿಂಗ್ ಪಠ್ಯದಲ್ಲಿ ಓ.ಟಿ. ಅನುಭವವೇ ಬೇಡವೆಂಬ ವಾದವೂ ಎದ್ದಿತು. 1949ರಲ್ಲಿ ನ್ಯೂಯಾರ್ಕಿನಲ್ಲಿ ಹದಿನೇಳು ಓ.ಟಿ. ನರ್ಸ್‌ಗಳು ಸೇರಿ ಸಂಘ ಕಟ್ಟಿದ್ದು ಈ ಒತ್ತಡದಲ್ಲೇ. ಯುರೋಪಿನ ಕೆಲವು ದೇಶಗಳು ಮುಂದೆ ಹೋದವು. ಸ್ವೀಡನ್ನಿನಲ್ಲಿ ನರ್ಸಿಂಗ್ ಪದವಿಯ ಮೇಲೆ ಇನ್ನೂ ಒಂದು ವರ್ಷ ವಿಶ್ವವಿದ್ಯಾಲಯದಲ್ಲಿ ಓದಿದವರೇ ಶಸ್ತ್ರಚಿಕಿತ್ಸೆಯ ಅಥವಾ ಅರಿವಳಿಕೆಯ ತಜ್ಞ ನರ್ಸ್. ಫ್ರಾನ್ಸ್ 2015ರಲ್ಲಿ ಥಿಯೇಟರಿನ ಕೆಲವು ಕೆಲಸಗಳನ್ನು ಓ.ಟಿ. ನರ್ಸಿಂಗಿನ ಡಿಪ್ಲೊಮಾ ಇರುವ ನರ್ಸ್ ಮಾತ್ರ ಮಾಡಬೇಕೆಂದು ಆದೇಶಿಸಿತು. ನರ್ಸ್ ಹೆಚ್ಚು ಓದಿದರೆ ರೋಗಿಗೆ ಏನು ಲಾಭ ಎಂದು ಕೇಳುವವರಿಗೆ 2014ರ ಲ್ಯಾನ್ಸೆಟ್ ಅಧ್ಯಯನ ಇದೆ. ಒಂಬತ್ತು ಯುರೋಪಿಯನ್ ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಆದವರನ್ನು ಲಿಂಡಾ ಏಕನ್ ತಂಡ ಪರಿಶೀಲಿಸಿತು. ಪದವಿ ಓದಿದ ನರ್ಸ್‌ಗಳ ಪಾಲು ಶೇ 10 ಹೆಚ್ಚಿದ ಕಡೆ ಸಾವಿನ ಸಂಭವ ಶೇ 7ರಷ್ಟು ಕಡಿಮೆ ಇತ್ತು.

ನಮ್ಮಲ್ಲಿ ಅರಿವಳಿಕೆ ವೈದ್ಯರ ಕೈಯಲ್ಲೇ ಉಳಿಯಿತು. ಬ್ರಿಟಿಷ್ ಪರಂಪರೆ ಬಂದದ್ದೇ ಹಾಗೆ. ಅದನ್ನು ಬದಲಿಸಬೇಕೆಂದು ನಾನು ಹೇಳುತ್ತಿಲ್ಲ. ಹೇಳಬೇಕಾದ್ದು ಥಿಯೇಟರಿನ ನರ್ಸ್ ಬಗ್ಗೆ. ನರ್ಸಿಂಗ್ ಮುಗಿಸಿದವರಿಗೆ ಒಂದು ವಿಷಯದಲ್ಲಿ ಮುಂದಿನ ತರಬೇತಿ ಎಂಬ ಕಲ್ಪನೆ ಕರ್ನಾಟಕಕ್ಕೆ ಹೊಸದಲ್ಲ. ಇಂದು ನಿಮ್ಹಾನ್ಸ್ ಆಗಿರುವ ಬೆಂಗಳೂರಿನ ಸಂಸ್ಥೆಯಲ್ಲಿ ಮನೋರೋಗ ಶುಶ್ರೂಷೆಯ ಡಿಪ್ಲೊಮಾ 1956ರಲ್ಲೇ ಶುರುವಾಗಿತ್ತು. ದೇಶದ ನಾನಾ ಕಡೆಯಿಂದ ನರ್ಸ್‌ಗಳು ಬಂದು ಅಲ್ಲಿ ಕಲಿತು ಹೋಗಿದ್ದಾರೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಪಟ್ಟಿಯಲ್ಲಿ ಆಪರೇಷನ್ ರೂಮ್ ನರ್ಸಿಂಗ್‌ನ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ. ಆದರೂ ನಮ್ಮ ಬಹುಪಾಲು ಥಿಯೇಟರುಗಳಲ್ಲಿ ಕೆಲಸ ಕಲಿಯುವ ಬಗೆ ಮಗಾರ ಕಾಲದ್ದೇ: ಡ್ಯೂಟಿ ಹಾಕುತ್ತಾರೆ, ಹಿರಿಯ ಸಿಸ್ಟರ್ ಪಕ್ಕದಲ್ಲಿ ನಿಂತು ನೋಡಿ ಕಲಿಯಬೇಕು, ಕಲಿತ ಮೇಲೆ ವಾರ್ಡಿಗೆ ವರ್ಗವಾದರೆ ಆಯಿತು.

ಆದ್ದರಿಂದ ಆಸ್ಪತ್ರೆ ನಡೆಸುವವರಲ್ಲಿ, ಆರೋಗ್ಯ ಇಲಾಖೆಯಲ್ಲಿ ನನ್ನ ಬೇಡಿಕೆ ಇಷ್ಟು. ಓ.ಟಿ.ಗೆ ಹಾಕುವ ನರ್ಸನ್ನು ಸಂಬಳಸಹಿತ ರಜೆ ಕೊಟ್ಟು ಆ ಒಂದು ವರ್ಷದ ಕೋರ್ಸಿಗೆ ಕಳಿಸಿ. ಓದಿ ಬಂದವರನ್ನು ಓ.ಟಿ.ಯಲ್ಲೇ ಉಳಿಸಿಕೊಳ್ಳಿ, ಓದಿಗೆ ತಕ್ಕ ಭತ್ಯೆಯನ್ನೂ ಬಡ್ತಿಯನ್ನೂ ಕೊಡಿ. ಜಿಲ್ಲೆಗೊಂದಾದರೂ ದೊಡ್ಡ ಆಸ್ಪತ್ರೆಯಲ್ಲಿ ಈ ಕೋರ್ಸಿಗೆ ಸೀಟು ತೆರೆಯಿರಿ. ಪಾಠ ಹೇಳುವ ಜಾಗದಲ್ಲಿ ಥಿಯೇಟರಿನಲ್ಲೇ ಕೂದಲು ನರೆಸಿದ ಸಿಸ್ಟರ್‌ಗಳನ್ನು ಕೂರಿಸಿ, ಅವರು ನಿವೃತ್ತರಾಗುವ ಮುಂಚೆ.